ನಕ್ಷೆಯಲ್ಲಿ ಅವ್ವನ ಜಾಗ

ಪಾಪಿನಾಯಕನಹಳ್ಳಿ
14-10-2007

ಅಕ್ಕ ಕೊಟ್ರಬಸಮ್ಮನಿಗೆ ತಂಗಿ ಗಂಗಾಂಬಿಕಾಳ ಶರಣು.

ನಾನೂ ಅಪ್ಪನೂ ಚೆನ್ನಾಗಿದ್ದೇವೆ. ಕಂಪ್ಲಿಯಲ್ಲಿ ನೀನು, ಭಾವ, ಕೂಸು ಕ್ಷೇಮವೇ? ನಿನ್ನ ಪತ್ರಕ್ಕೆ ಇಷ್ಟು ತಡವಾಗಿ ಬರೆಯುತ್ತಿದ್ದೇನೆಂದು ಬೈಯಬೇಡ. ಹತ್ತನೇ ಕ್ಲಾಸಿನ ಓದು ಎಂದು ನೆಪ ಹೇಳಬಹುದು, ನಿಜ ಅದಲ್ಲ. ದೀಪಾವಳಿ ಅಮಾವಾಸ್ಯೆಗೆ ಬರುತ್ತೇನೆ, ಕೂಸನ್ನು ಮೊದಲು ಹೊಲದಲ್ಲಿ ಅವ್ವನ ಸಮಾಧಿಗೆ ಮುಟ್ಟಿಸಿ ಆಮೇಲೆ ಮನೆ ಮೆಟ್ಟಿಲು ಹತ್ತುತ್ತೇನೆ ಎಂದಿದ್ದೀಯಲ್ಲ, ಅದಕ್ಕೇನು ಬರೆಯಬೇಕೋ ತಿಳಿಯಲಿಲ್ಲ.

ಮೊದಲು ಶಾಲೆಯ ಸುದ್ದಿ ಕೇಳು. ಭೂಗೋಳಕ್ಕೆ ಈಗ ಪಕ್ಕೀರಪ್ಪ ಸರ್ ಬಂದಿದ್ದಾರೆ, ಚೋರನೂರಿನವರು. ನಿನ್ನ ಕಾಲದಲ್ಲಿ ಭೂಗೋಳವೆಂದರೆ ನಿದ್ದೆ ಅಲ್ಲವೇ? ಇವರು ಎಲ್ಲರನ್ನೂ ಬಿಸಿಲಿಗೆ ಹೊರಡಿಸುತ್ತಾರೆ. ಅಂಗಳದಲ್ಲಿ ಮಣ್ಣಿನ ಗುಡ್ಡೆ ಮಾಡಿ, ಚೆಂಬಿನಿಂದ ನೀರು ಸುರಿದು, ಕಂಪ್ಲಿಗೆ ಕಾಲುವೆ ಏಕೆ ಹರಿಯುತ್ತದೆ, ನಮ್ಮ ಹೊಲಗಳಿಗೇಕೆ ಹತ್ತುವುದಿಲ್ಲ ಎಂದು ತೋರಿಸಿದರು. ಇನ್ನು ನಿಮ್ಮ ಭತ್ತದ ಗದ್ದೆ ನೋಡಿ ನನಗೆ ಹೊಟ್ಟೆಕಿಚ್ಚಿಲ್ಲ, ಕಾರಣ ಗೊತ್ತಾಗಿದೆ.

ಹೋದ ತಿಂಗಳು, ಅವರವರ ಊರಿನ ನಕ್ಷೆ ಬರೆದು ತನ್ನಿ ಎಂದರು. ನಾನು ಮನೆಯಲ್ಲೇ ಕೂತು ಬರೆದು ಒಯ್ದೆ. ಹುಟ್ಟಿದೂರಿಗೆ ದಾರಿ ಕೇಳಬೇಕೇ? ಸರ್ ನೋಡಿ ನಕ್ಕರು. "ಇದು ನಿನ್ನ ತಲ್ಯಾಗಿನ ಊರವ್ವ. ನಡದು ನೋಡಿ ಬರಿ. ಈಗ ಅಲ್ಲಿ ಏನೈತೋ ಅಷ್ಟ ಬೇಕು" ಎಂದು ವಾಪಸು ಕೊಟ್ಟರು. ಸಿಟ್ಟು ನೆತ್ತಿಗೇರಿತು. ಆದರೂ ಊರು ಸುತ್ತಲು ಹೊರಟೆ.

ಅಪ್ಪ ಹೊಲವನ್ನು ಅದಿರು ಸುರಿಯುವ ಯಾರ್ಡಿಗೆ ಗುತ್ತಿಗೆ ಕೊಟ್ಟದ್ದು ನಿನಗೆ ಗೊತ್ತು. ಅವ್ವನ ಸಮಾಧಿಯ ಮೂಲೆ ಮುಟ್ಟುವುದಿಲ್ಲ ಎಂದು ಅವರು ಅಪ್ಪನ ಕೈ ಹಿಡಿದು ಮಾತು ಕೊಟ್ಟದ್ದೂ ಗೊತ್ತು. ಲಾರಿಗಳ ನಡುವೆ ನಮ್ಮನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಅಮಾವಾಸ್ಯೆಗೊಮ್ಮೆ ಅಪ್ಪ ಗೇಟಿನಲ್ಲಿ ವಾಚ್‌ಮನ್ ಹುಲಿಗೇಶನ ಕೈಗೆ ಕಾಯಿ, ಊದಿನಕಡ್ಡಿ ಕೊಡುತ್ತಾನೆ. ಅವನು ಒಳಗೆ ಹೋಗಿ ಒಡೆದು ಹೋಳು ತಂದುಕೊಡುತ್ತಾನೆ. ಅವ್ವನ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದೆವು.

ನಕ್ಷೆಯ ಕೆಲಸ ಎಂದು ಅಂಗಲಾಚಿದ್ದಕ್ಕೆ ಹುಲಿಗೇಶ ನನ್ನನ್ನು ಒಳಗೆ ಬಿಟ್ಟ. ಅಕ್ಕ, ಅಲ್ಲಿ ಮೂಲೆಯೇ ಇಲ್ಲ. ಬದು ಇಲ್ಲ, ಬೇವಿನ ಮರ ಇಲ್ಲ. ಈ ಬೇಲಿಯಿಂದ ಆ ಬೇಲಿಗೆ ಒಂದೇ ಅದಿರಿನ ಗುಡ್ಡ.

"ಮಳಿಗಾಲಕ್ಕ ಮುಂಚೇನ ಡೋಜರ್ ತಳ್ಳಿಬಿಡ್ತವ್ವ" ಎಂದ ಹುಲಿಗೇಶ. "ನಿಮ್ಮಪ್ಪನ ಮಾರಿ ನೋಡಿ ಹೇಳಾಕ ಬಾಯಿ ಬರಲಿಲ್ಲ. ಗುಡ್ಡದ ಬುಡಕ್ಕ ಕಾಯಿ ಒಡದು ತಂದು ಕೊಡ್ತಿದ್ದೆ."

ಬೈಯಲು ಬಾಯಿ ತೆರೆದವಳು ಅಳುತ್ತಾ ನಿಂತೆ. ಮನೆಗೆ ಬಂದು ಅಪ್ಪನಿಗೆ ಹೇಳಲು ಧೈರ್ಯವಾಗಲಿಲ್ಲ. ಆದರೆ ನಕ್ಷೆಯಲ್ಲಿ ಸುಳ್ಳು ಬರೆಯಲೂ ಆಗಲಿಲ್ಲ, ಹೊಲವಿಡೀ ಅದಿರಿನ ಕೆಂಪು ಬಳಿದೆ. ಸರ್ ಶಭಾಷ್ ಎಂದು ಶಾಲೆಯ ಗೋಡೆಗೆ ಅಂಟಿಸಿದರು. ಗೆಳತಿಯರೆಲ್ಲ ಹೊಗಳಿದರು, ನನಗೆ ಮಾತ್ರ ಅತ್ತ ನೋಡಲು ಮನಸ್ಸಾಗಲಿಲ್ಲ.

ನೀನು ಬಾ ಅಕ್ಕ. ಬರಬೇಡ ಎನ್ನಲು ನನ್ನಿಂದಾಗದು. ಕೂಸನ್ನು ನೇರ ಮನೆಗೇ ಕರೆದುಕೊಂಡು ಬಾ. ಅವ್ವ ಇದ್ದಿದ್ದರೆ ಅದನ್ನು ನೆಲಕ್ಕಿಳಿಸುತ್ತಿರಲಿಲ್ಲ. ಅವಳ ಹರಕೆ ನಿಮ್ಮೆಲ್ಲರ ಮೇಲಿರಲಿ. ಭಾವನಿಗೆ ನನ್ನ ಶರಣು ಹೇಳು.

ನಿನ್ನ ತಂಗಿ
ಗಂಗಾಂಬಿಕಾ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ನಿನ್ನೆ ಪಾಲಕರ ಸಭೆಗೆ ಅಪ್ಪ ಬಂದಿದ್ದ. ಓದಲು ಬಾರದಿದ್ದರೂ ನನ್ನ ನಕ್ಷೆಯ ಮುಂದೆ ನಿಂತು ಬೆರಳು ಸರಿಸುತ್ತಾ ಹೋದ: ನಮ್ಮ ಮನೆ, ಹನುಮಪ್ಪನ ಗುಡಿ, ದೊಡ್ಡ ರಸ್ತೆ, ಹೊಲದ ದಾರಿ. ಕೆಂಪಿಗೆ ಬಂದು ಬೆರಳು ನಿಂತಿತು.

"ಗಂಗೀ, ನಿಮ್ಮವ್ವನ್ನ ಬರದಿಲ್ಲೇನು?"

"ಅಲ್ಲಿ ಈಗ ಏನೂ ಇಲ್ಲಪ್ಪ" ಎಂದೆ.

ಅಪ್ಪ ಕೆಂಪಿನ ಮೇಲಿಂದ ಬೆರಳು ತೆಗೆದ. ಆಮೇಲೆ ಸರ್ ಮೇಜಿನ ಮೇಲಿದ್ದ ಪೆನ್ಸಿಲ್ ತಂದು ನನ್ನ ಕೈಗಿತ್ತ. "ಈಗ ಇಲ್ಲಂದ್ರ ಇರ್ಲಿ. ಎಲ್ಲಿ ಇದ್ಲು ಅಷ್ಟು ತೋರ್ಸು. ಕೊಟ್ರಿ ಬಂದು ಕೇಳಿದ್ರ ಹೇಳಬೇಕಲ್ಲ" ಎಂದ. ಸರ್ ಕೂಡ ಬೇಡವೆನ್ನಲಿಲ್ಲ. ಇಡೀ ಊರು ನಡೆದು ಬರೆದವಳು ನಾನು, ಪೆನ್ಸಿಲ್ ಹಿಡಿದು ನಿಂತೇ ಇದ್ದೆ. ಅವ್ವ ಎಲ್ಲಿದ್ದಳೆಂದು ನನಗೆ ಗೊತ್ತಾಗಲಿಲ್ಲ ಅಕ್ಕ.