ಹಿಡಿಕಿ ಮ್ಯಾಲಿನ ಕಿಸೆ

ಬೆಲ್ಲದ ಬಾಗೇವಾಡಿ, ೧೯೩೮

ಗೋಕಾಕದಾಗ ತೊಗಲಿನ ಕೆಲಸಾ ಮಾಡೂ ಮೌಲಾಅಲಿ ಅಣ್ಣಾರಿಗೆ ಶಿವವ್ವನ ಶರಣು.

ನೀವು ಹೊಲಿದುಕೊಟ್ಟ ಪಿಸ್ತೂಲಿನ ಚೀಲ ತಿರಗಿ ಕಳಿಸೇನ್ರಿ. ಅಂಗಿ ಒಳಗ ಎದಿಗೆ ಕಟ್ಕೊಂಡ್ರ ಅಂಚು ತಿಕ್ಕತೈತಿ, ಹಿಡಿಕಿ ಲಗೂನ ಕೈಗೆ ಸಿಗವಲ್ದು ಅಂತಾನ ನನ್ನ ಮಗ ರಾಚಪ್ಪ. ಅಂಚು ಮೆತ್ತಗ ಮಾಡ್ರಿ, ಬಾಯಿ ಸ್ವಲ್ಪ ಕತ್ತರಸ್ರಿ.

ಅವರಪ್ಪನ್ನ ಕೊಂದಾಂವನ್ನ ಕೊಲ್ಲಾಕ ಹೊಂಟಾನ. ಚೀಲಕ್ಕ ಅಡ್ಡ ಬರತೈತಿ ಅಂತ ಕೊರಳಾನ ಲಿಂಗಾ ತಗದು ನನ್ನ ಕೈಯಾಗ ಇಟ್ಟಾನ. ಅತ್ತರೂ ಕೇಳವಲ್ಲ.

ಆ ಲಿಂಗಾನೂ ಈ ಗಂಟಿನಾಗ ಐತಿ. ಅವಗ ಹೇಳಬ್ಯಾಡ್ರಿ, ಚೀಲದಾಗ ಹಿಡಿಕಿ ಬರೂ ಜಾಗಾದ ಮ್ಯಾಲ ಸಣ್ಣ ಕಿಸೆ ಮಾಡಿ ಅದರಾಗ ಇಟ್ಟು ಹೊಲೀರಿ. ತೊಗಲಿನಾಗ ಲಿಂಗಾ ಇಡಬಾರದು, ಗೊತ್ತೈತಿ. ಆದರೂ ಅವನ ಕೈ ಮೊದಲ ಅದಕ್ಕ ತಾಗಲಿ, ಒಂದು ಗಳಿಗಿ ತಡೀಲಿ.

ತಡದರ ಎದುರಿನವನ ಗುಂಡು ಇವಗ ಬಡೀತೈತಿ. ಅದೂ ಗೊತ್ತೈತ್ರಿ, ಅಣ್ಣಾ.

ನಿಮ್ಮ ತಂಗಿ
ಶಿವವ್ವ