ಡಬ್ಬದಲ್ಲಿದ್ದ ಫೋನು

ನನ್ನ ಸೊಸೆಗೆ,

ಬರೆಯುತ್ತಿರುವವಳು ನಿನ್ನ ಅತ್ತೆ, ಹಾಸಿಗೆ ಅಂಗಡಿಯ ಯಜಮಾನಿ. ಹತ್ತನೇ ತರಗತಿಯವರೆಗೆ ಓದಿದವಳು. ಮೂವತ್ತೈದು ವರ್ಷದಿಂದ ಆರು ಜನ ಕೆಲಸದವರನ್ನು, ಒಂದು ಹತ್ತಿ ಹಿಂಜುವ ಯಂತ್ರವನ್ನು, ಒಬ್ಬ ಗಂಡನನ್ನು, ಒಬ್ಬ ಮಗನನ್ನು ನಡೆಸಿಕೊಂಡು ಬಂದವಳು. ಈ ಬೀದಿಯಲ್ಲಿ ನನಗೆ ಎದುರು ಮಾತಾಡಿದವರು ಕಡಿಮೆ, ಆಡಿದವರು ಎರಡನೇ ಸಲ ಆಡಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಇಂಥವಳು ಕಾಗದ ಬರೆಯಲು ಕೂತಿದ್ದಾಳೆ ಎಂದರೆ ಹರಿದು ಹಾಕುವ ಮೊದಲು ಒಂದು ಸಲ ಓದು ಎನ್ನುವುದಕ್ಕೆ ಹೇಳಿದೆ.

ನೀನು ತವರಿಗೆ ಹೋಗಿ ಹನ್ನೊಂದು ವಾರವಾಯಿತು. ಮೊದಲು ನಿನ್ನ ಮಾವನ ವಿಷಯ. ನೀನು ಹೋಗುವಾಗ ಆಮ್ಲಜನಕದ ಯಂತ್ರದ ಮುಳ್ಳು ಎರಡರ ಮೇಲಿತ್ತು, ಈಗ ಐದರ ಮೇಲಿದೆ, ಅಷ್ಟು ಗಾಳಿಯಿಲ್ಲದೆ ಆಗುವುದಿಲ್ಲ. ಅವರು ಮನೆಯೆಲ್ಲ ಓಡಾಡಲಿ ಎಂದು ನೀನು ಉದ್ದದ ನಳಿಕೆ ಹಾಕಿಸಿ, ಯಾರ ಕಾಲಿಗೂ ತೊಡರದ ಹಾಗೆ ಗೋಡೆಗುಂಟ ಬಟ್ಟೆಯ ಕುಣಿಕೆ ಹೊಲಿದು ಸಿಕ್ಕಿಸಿದ್ದೆ. ಈಗ ಅಷ್ಟುದ್ದ ಬೇಕಾಗಿಲ್ಲ. ಕುರ್ಚಿಯಿಂದ ಬಚ್ಚಲಿಗೆ ಮುಟ್ಟಿದರೆ ಸಾಕು. ಸ್ಟೂಲಿನ ಮೇಲೆ ಕೂರಿಸಿ ಸ್ನಾನ ಮಾಡಿಸುತ್ತೇನೆ. ಬೆನ್ನು ಒರೆಸುವುದನ್ನೂ ಎರಡು ಸಲ ಮಾಡಬೇಕು, ಅರ್ಧ ಒರೆಸಿ, ಉಸಿರು ಹತೋಟಿಗೆ ಬರಲು ಬಿಟ್ಟು, ಆಮೇಲೆ ಇನ್ನರ್ಧ. ಅಂಗಿಯ ಗುಂಡಿ ಹಾಕುವಾಗ ಕುತ್ತಿಗೆಯ ಬುಡದ ಗುಳಿ ನೋಡಿಕೊಳ್ಳುತ್ತೇನೆ. ಅದು ಎಷ್ಟು ಆಳಕ್ಕೆ ಇಳಿಯುತ್ತದೋ ಅವತ್ತಿನ ದಿನ ಅಷ್ಟು ಕೆಟ್ಟದ್ದು. ಅಡ್ಡ ಮಲಗಿದರೆ ಉಸಿರು ಕಟ್ಟುತ್ತದೆ. ಊರಿಗೆಲ್ಲ ಹಾಸಿಗೆ ಹೊಲಿದ ಮನುಷ್ಯ ಕೂತೇ ನಿದ್ದೆ ಮಾಡುತ್ತಾರೆ.

ಹೊಸ ಶ್ವಾಸಕೋಶಕ್ಕೆ ಕಾಯುವುದೆಂದರೆ ಏನೆಂದು ಊರವರಿಗೆ ಗೊತ್ತಿಲ್ಲ. ನಿನಗೆ ಗೊತ್ತು, ಅರ್ಧ ನೀನೇ ಕಾದಿದ್ದೀಯ. ಬಾಗಿಲ ಹಿಂದೆ ಕಟ್ಟಿಟ್ಟ ಬ್ಯಾಗು. ಆಸ್ಪತ್ರೆಯಿಂದ ಎರಡು ಗಂಟೆಗಿಂತ ದೂರ ಹೋಗುವಂತಿಲ್ಲ. ಯಾರೋ ಸೀನಿದರೆ ಅವರನ್ನು ಮನೆಯೊಳಗೆ ಬಿಡುವಂತಿಲ್ಲ. ಇವೆಲ್ಲ ಮೇಲಿನ ಕಷ್ಟ. ಒಳಗಿನದನ್ನು ನಾನು ಯಾರಿಗೂ ಹೇಳಿಲ್ಲ. ಪತ್ರಿಕೆಯಲ್ಲಿ ಅಪಘಾತದ ಸುದ್ದಿ ಬಂದರೆ ನಾನು ಮೊದಲು ಸತ್ತವನ ವಯಸ್ಸು ನೋಡುತ್ತೇನೆ. ಆಂಬುಲೆನ್ಸ್ ಕೂಗಿಕೊಂಡು ಹೋದರೆ ನನ್ನ ಕೈ ತಾನಾಗಿ ಸೊಂಟದ ಚೀಲದಲ್ಲಿರುವ ಫೋನಿಗೆ ಹೋಗುತ್ತದೆ. ಯಾರದೋ ಮನೆಯಲ್ಲಿ ಅಳು ಶುರುವಾಗಲಿ ಎಂದು ಕಾಯುವ ಕೆಲಸ ಇದು. ದೇವರ ಮುಂದೆ ನಿಂತು ಏನು ಕೇಳಬೇಕೆಂದು ತಿಳಿಯದೆ ಬರೀ ಕೈ ಮುಗಿದು ಬರುತ್ತೇನೆ.

ಈಗ ಆ ದಿನದ ಮಾತು. ನಿನಗೆ ಇದೆಲ್ಲ ಗೊತ್ತಿತ್ತೆಂದು ನನಗೆ ನಿನ್ನೆಯಷ್ಟೇ ತಿಳಿಯಿತು. ಆದರೂ ನನ್ನ ಕೈಯಿಂದ ಬರೆಯಬೇಕು.

ಯಂತ್ರ ತಿರುಗುವಾಗ ನನ್ನದೊಂದು ಬಿಟ್ಟು ಎಲ್ಲರ ಫೋನೂ ತಗಡಿನ ಡಬ್ಬದಲ್ಲಿ ಇರಬೇಕು ಎನ್ನುವುದು ನನ್ನ ಕಟ್ಟಳೆ. ಫೋನು ನೋಡುತ್ತ ಹತ್ತಿ ಒಡ್ಡಿದ ಕೆಲಸದವನೊಬ್ಬ ಎರಡು ಬೆರಳಿನ ತುದಿ ಕಳೆದುಕೊಂಡ ಮೇಲೆ ಮಾಡಿದ್ದು. ಶ್ವಾಸಕೋಶ ಸಿಕ್ಕರೆ ಕರೆಯಲು ಆಸ್ಪತ್ರೆಯ ಅರ್ಜಿಯಲ್ಲಿ ಎರಡು ನಂಬರ್ ಕೇಳಿದ್ದರು. ಮೊದಲನೆಯದು ನನ್ನದು, ಎರಡನೆಯದು ನಿನ್ನದು. ನನ್ನ ಮಗ ದಿನವಿಡೀ ವ್ಯಾನ್ ಓಡಿಸುವವನು, ಮಾತಾಡಿದರೆ ಉಸಿರು ಹೋಗುತ್ತದೆಂದು ನಿನ್ನ ಮಾವ ಫೋನನ್ನೇ ಬಿಟ್ಟಿದ್ದರು. ಆವತ್ತು ಹಾಸ್ಟೆಲ್ಲಿನ ನಲವತ್ತು ಹಾಸಿಗೆ ಸಂಜೆಯೊಳಗೆ ಹೋಗಬೇಕಿತ್ತು. ನೀನು ಹಿಂಜಿದ ಹತ್ತಿ ತೂಗುತ್ತಿದ್ದವಳು ಬಂದು, "ಅತ್ತೆ, ನನ್ನ ಫೋನು ನನ್ನ ಹತ್ರಾನೇ ಇರಲಿ. ಎರಡನೇ ನಂಬರ್ ನಂದಲ್ವಾ" ಅಂದೆ. ನಾನು ತಲೆ ಎತ್ತದೆ, "ಮೊದಲನೇದು ಸತ್ತಿದ್ಯಾ? ಸೊಸೆಗೊಂದು ನ್ಯಾಯ, ಕೆಲಸದವರಿಗೊಂದು ನ್ಯಾಯ ಮಾಡಿದ್ರೆ ನಾಳೆ ನನ್ನ ಮಾತು ಯಾರು ಕೇಳ್ತಾರೆ? ಹಾಕು ಡಬ್ಬಕ್ಕೆ" ಅಂದೆ. ನೀನು ಹಾಕಿದೆ.

ಹನ್ನೆರಡೂವರೆಗೆ ನನ್ನ ಫೋನು ನಡುಗಿತು. ಗೊತ್ತಿಲ್ಲದ ನಂಬರ್. ಆ ದಿನಗಳಲ್ಲಿ ನನ್ನ ನಾದಿನಿ ದಿನಕ್ಕೊಂದು ಫೋನಿನಿಂದ ಕರೆ ಮಾಡಿ, ಅಣ್ಣ ಬದುಕಿರುವಾಗಲೇ ರಾಗ ತೆಗೆದು ಅಳುತ್ತಿದ್ದಳು. ಆ ಅಳು ಕೇಳಬಾರದೆಂದು ಗುರುತಿಲ್ಲದ ನಂಬರನ್ನೆಲ್ಲ ಕತ್ತರಿಸುವ ಅಭ್ಯಾಸ ಮಾಡಿಕೊಂಡಿದ್ದೆ. ಕತ್ತರಿಸಿದೆ. ಮತ್ತೆ ಬಂತು. ಮತ್ತೆ ಕತ್ತರಿಸಿದೆ. ಆಸ್ಪತ್ರೆಯಲ್ಲಿ ಅಂಗಕ್ಕೆ ಕಾಯುವವರ ಪಟ್ಟಿ ನೋಡಿಕೊಳ್ಳುವ ಮೇಡಂ ಅವತ್ತು ರಜೆ, ಶ್ವಾಸಕೋಶ ಸಿಕ್ಕಿದೆ ಎಂದು ಹೇಳಲು ಬೇರೆ ಯಾರೋ ತಮ್ಮ ಫೋನಿನಿಂದ ಮಾಡಿದ್ದರು. ಆಮೇಲೆ ಅವರು ನಿನ್ನ ನಂಬರಿಗೆ ಐದು ಸಲ ಮಾಡಿದರು. ಡಬ್ಬದೊಳಗಿನ ಸದ್ದು ಯಂತ್ರದ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಅರ್ಧ ಗಂಟೆ ಕಾದು ಅವರು ಪಟ್ಟಿಯಲ್ಲಿದ್ದ ಮುಂದಿನವರನ್ನು ಕರೆದರು. ಅವರದೇನೂ ತಪ್ಪಿಲ್ಲ, ಬಂದ ಅಂಗ ಯಾರಿಗೂ ಕಾದು ಕೂರುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನಮ್ಮದು ಹಾಗಲ್ಲ. ಬಾಯಿಗೆ ಬಂದ ತುತ್ತನ್ನು ನಾನೇ ಕೈಯಿಂದ ತಳ್ಳಿದ್ದು.

ಊಟಕ್ಕೆ ಯಂತ್ರ ನಿಲ್ಲಿಸಿದಾಗ ನೀನು ಡಬ್ಬ ತೆಗೆದು ನೋಡಿ, ಅಲ್ಲೇ ನಿಂತು ಆಸ್ಪತ್ರೆಗೆ ಕರೆ ಮಾಡಿ, ಮಹಡಿಯ ಮೇಲಿನ ಮನೆಗೆ, ನಾನಿದ್ದಲ್ಲಿಗೆ ಹತ್ತಿ ಬಂದೆ. ನಿನ್ನ ಫೋನಿನಲ್ಲಿದ್ದ ನಂಬರನ್ನು ನೋಡಿದ ಕೂಡಲೇ ನನಗೆ ತಿಳಿಯಿತು, ನಾನು ಕತ್ತರಿಸಿದ್ದೂ ಅದೇ. ಬಚ್ಚಲಿಗೆ ಹೋಗಿ ನನ್ನ ಫೋನಿನಿಂದ ಆ ಎರಡು ಕರೆಗಳನ್ನು ಅಳಿಸಿ ಹಾಕಿದೆ. ಮಗ ಬಂದು "ಎಲ್ಲಿಟ್ಟಿದ್ದೆ ಫೋನು?" ಎಂದು ಕೂಗಿದ. ನೀನು "ಡಬ್ಬದಲ್ಲಿ" ಅಂದು ನನ್ನ ಮುಖ ನೋಡಿದೆ. ನಾನು ನಿಜ ಹೇಳುತ್ತೇನೆಂದು ನೀನು ಕಾಯುತ್ತಿದ್ದೆ. ನಾನು ಹೇಳಿದೆ: "ಎರಡನೇ ನಂಬರನ್ನ ಡಬ್ಬಕ್ಕೆ ಹಾಕು ಅಂತ ನಿಂಗೆ ಯಾರು ಹೇಳಿದ್ರು?" ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಾನೇ ಎಷ್ಟು ಜನರನ್ನು ಆಡಿಕೊಂಡಿಲ್ಲ. ಆವತ್ತು ಬರೆ ಹಾಕಿದ ಕೈ ನನ್ನದು. ನೀನು ನನ್ನ ಹೆಸರು ಎತ್ತಲಿಲ್ಲ. ಮಗ ಆಡಬಾರದ್ದನ್ನೆಲ್ಲ ಆಡಿದ. ಮರುದಿನ ಬೆಳಿಗ್ಗೆ ನೀನು ಮಾವನ ಔಷಧಿಯನ್ನು ವಾರಕ್ಕಾಗುವಷ್ಟು ಹೊತ್ತು ಹೊತ್ತಿಗೆ ವಿಂಗಡಿಸಿಟ್ಟು ಬಸ್ ಹತ್ತಿದೆ.

ಇನ್ನೂ ಹನ್ನೊಂದು ವಾರ ಸುಮ್ಮನಿರುತ್ತಿದ್ದೆನೋ ಏನೋ. ಗಂಡನ ಸೇವೆ ಮಾಡುವವಳಿಗೆ ಎಲ್ಲ ಮಾಫಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೋದ ವಾರ ನಾದಿನಿ ಬಂದಿದ್ದಳು. ನಿನ್ನ ಮಾವ ಒಂದು ಉಸಿರಿಗೆ ಮೂರು ಪದದ ಲೆಕ್ಕದಲ್ಲಿ ಅವಳಿಗೆ ಹೇಳುವುದು ಬಾಗಿಲಾಚೆ ನನಗೆ ಕೇಳಿಸಿತು. "ನನ್ನನ್ನ ಕೊಂದಿದ್ದು... ಕಾಯಿಲೆ ಅಲ್ಲ ಕಣೇ... ಸೊಸೆ." ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ ನಕ್ಕು, ಹತ್ತಿಯ ಧೂಳನ್ನು ಮೂವತ್ತು ವರ್ಷ ನುಂಗಿದ ಮನುಷ್ಯ ಅವರು. ಆ ಧೂಳನ್ನೂ ಎಂದೂ ಬೈದವರಲ್ಲ. ನೀನು ಮದುವೆಯಾಗಿ ಬಂದ ವರ್ಷ ನಿನ್ನ ಮಂಚಕ್ಕೆ ಹಾಸಿಗೆಯನ್ನು ಕೆಲಸದವರ ಕೈಗೆ ಕೊಡದೆ ತಾವೇ ಹೊಲಿದಿದ್ದರು. ಆ ಮನುಷ್ಯ ಉಳಿದಿರುವ ನಾಲ್ಕು ಉಸಿರಿನಲ್ಲಿ ಮೂರನ್ನು ನಿನ್ನನ್ನು ದ್ವೇಷಿಸಲು ಖರ್ಚು ಮಾಡುತ್ತಿದ್ದರು.

ನಾದಿನಿಯನ್ನು ಬಸ್ಸಿಗೆ ಕಳಿಸಿ ಬಂದು ಅವರ ಮುಂದೆ ಕೂತೆ. ಹೇಳಿದೆ. ಏನನ್ನೂ ಮೆತ್ತಗೆ ಮಾಡಲಿಲ್ಲ. ಎರಡು ಸಲ ಕತ್ತರಿಸಿದ್ದು, ಅಳಿಸಿದ್ದು, ನಿನ್ನ ಮೇಲೆ ಹಾಕಿದ್ದು. ಅವರು ಮುಖ ತಿರುಗಿಸಿದರು. ಎರಡು ದಿನ ನನ್ನ ಕೈಯ ನೀರು ಕುಡಿಯಲಿಲ್ಲ. ಕೆಳಗಿನಿಂದ ಹಿರಿಯ ದರ್ಜಿ, ನಮ್ಮ ಸೂಜಿಯಣ್ಣ, ಮೇಲೆ ಬಂದು ಚಮಚದಲ್ಲಿ ಗಂಜಿ ಕುಡಿಸಿದ. ನಾನು ಅಡುಗೆಮನೆಯಲ್ಲಿ ನಿಂತು ಚಮಚದ ಸದ್ದು ಎಣಿಸಿದೆ, ಎಷ್ಟು ಗುಟುಕು ಒಳಗೆ ಹೋಯಿತೆಂದು. ಮೂರನೇ ದಿನ ಸೂಜಿಯಣ್ಣ ಹಿಡಿದ ಚಮಚ ಓರೆಯಾಗಿ ಗಂಜಿ ಅವರ ಅಂಗಿಯ ಮೇಲೆ ಚೆಲ್ಲಿತು. ಅಂಗಿ ಬದಲಿಸಲು ಹೋದೆ, ಬೇಡ ಎನ್ನಲಿಲ್ಲ. ಗುಂಡಿ ಹಾಕುವಾಗ ಹೇಳಿದರು: "ಬೈಯೋಕೆ ಉಸಿರಿಲ್ಲ ನಂಗೆ. ನೀನೇ... ಬೈಕೋ." ತಮಾಷೆಯೋ ಶಾಪವೋ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಮಾತು ಹೇಳಿದರು: "ಆ ಹುಡುಗಿಗೆ ಹೇಳು. ನನ್ನದು ತಪ್ಪಾಯ್ತು ಅಂತ." ಹೇಳಿದ್ದೇನೆ. ಅವರ ಪಾಲಿನದು ಅಷ್ಟು.

ಮಗನಿಗೂ ಹೇಳಿದೆ. "ಅಮ್ಮ, ಅವಳಿಗೆ ನಾನು ಏನೇನಂದೆ ಗೊತ್ತಾ ನಿಂಗೆ?" ಅಂದ. "ಗೊತ್ತು, ಪಕ್ಕದಲ್ಲೇ ನಿಂತಿದ್ದೆ" ಅಂದೆ. ಅವನು ನಿನ್ನ ಮುಂದೆ ಬಂದು ನಿಂತರೆ ಕ್ಷಮಿಸುವುದು ಬಿಡುವುದು ನಿನ್ನ ಇಷ್ಟ. ಅವನ ಪರವಾಗಿ ನಾನು ಬರೆಯುವುದಿಲ್ಲ, ಅವನಿಗೂ ಬಾಯಿದೆ. ಕೆಳಗೆ ಆರು ಜನರನ್ನು ನಿಲ್ಲಿಸಿ ಅವರಿಗೂ ಹೇಳಿದೆ. ನಿನ್ನನ್ನು ಬೈಯುವಾಗ ಕೇಳಿದ ಕಿವಿಗಳು ಇದನ್ನೂ ಕೇಳಬೇಕಲ್ಲ. ಸೂಜಿಯಣ್ಣ ಮಾತ್ರ, "ಡಬ್ಬಕ್ಕೆ ಹಾಕು ಅಂತ ನೀವು ಹೇಳಿದ್ದು ನಂಗೆ ಕೇಳಿಸಿತ್ತು ಅಕ್ಕಾವ್ರೇ. ಹೇಳೋ ಧೈರ್ಯ ಬರ್ಲಿಲ್ಲ" ಅಂದ. ನನ್ನ ಯಜಮಾನಿಕೆ ಏನು ಸಂಪಾದಿಸಿದೆ ಎಂದು ಆಗ ಗೊತ್ತಾಯಿತು.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಪಟ್ಟಿಯ ಮೇಡಂ ಮುಂದೆ ಕೂತು, ತಪ್ಪು ನನ್ನದು, ಸೊಸೆಯದಲ್ಲ, ಹಾಗೆಂದು ಬರೆದುಕೊಳ್ಳಿ ಎಂದೆ. ಅವರು ಆಶ್ಚರ್ಯಪಡಲಿಲ್ಲ. "ಮೊದಲು ನಿಮಗೇ ಕರೆ ಹೋಗಿದ್ದು ಅಂತ ನಿಮ್ಮ ಸೊಸೆಗೆ ಗೊತ್ತಲ್ಲ. ಆ ವಾರವೇ ಕೇಳಿ ತಿಳ್ಕೊಂಡ್ರು. ಈಗಲೂ ಪ್ರತಿ ಸೋಮವಾರ ಫೋನ್ ಮಾಡಿ, ನಂಬರ್ ಸರಿಯಿದೆಯಾ, ನಮ್ಮ ಮಾವ ಪಟ್ಟೀಲಿ ಇದ್ದಾರಾ ಅಂತಾರೆ" ಅಂದರು. ಗೊತ್ತಿದ್ದೂ ಮನೆಯವರಿಗೆ ಯಾಕೆ ಹೇಳಲಿಲ್ಲ ಎಂದೆ. "ನಾನೂ ಕೇಳಿದೆ ಅಮ್ಮ. ಮಾವನ್ನ ನೋಡ್ಕೊಳ್ಳೋಕೆ ಅಲ್ಲಿ ಅತ್ತೆ ಒಬ್ರೇ ಇರೋದು, ಅವರ ಮೇಲೇ ಸಿಟ್ಟಾದ್ರೆ ಮಾವ ಯಾರ ಕೈಲಿ ನೀರು ಕುಡೀತಾರೆ ಅಂದ್ರು."

ನನಗೆ ಅಲ್ಲಿ ಅಳು ಬರಲಿಲ್ಲ. ಸುಳ್ಳು ಯಾಕೆ ಬರೆಯಲಿ. ನೀರು ಕೇಳಿ ಕುಡಿದೆ. ನಾನು ಹೇಳಿದ ಸುಳ್ಳಿನ ಭಾರವನ್ನು ನನ್ನ ಗಂಡನಿಗಾಗಿ ನೀನು ಹೊತ್ತಿದ್ದೆ. ನಿನ್ನ ಮಾತು ಎಷ್ಟು ನಿಜ ಎಂದು ಆ ಎರಡು ದಿನದ ಚಮಚದ ಸದ್ದು ನನಗೆ ಕಲಿಸಿತ್ತು.

ವೈದ್ಯರು ಹೆಚ್ಚೆಂದರೆ ಎರಡು ತಿಂಗಳು ಎನ್ನುತ್ತಾರೆ. ಅಷ್ಟರಲ್ಲಿ ಕರೆ ಬರಬಹುದು, ಬಾರದೆಯೂ ಇರಬಹುದು. ಬಾರದಿದ್ದರೆ ಅವರ ಸಾವು ನನ್ನ ಲೆಕ್ಕದ್ದು, ಯಾರೂ ಅದನ್ನು ಹಂಚಿಕೊಳ್ಳಬೇಕಾಗಿಲ್ಲ. ಈಗ ನಾನು ಎಲ್ಲ ಕರೆಯನ್ನೂ ಎತ್ತುತ್ತೇನೆ, ನಾದಿನಿಯದನ್ನೂ. ಅವಳ ಅಳುವನ್ನು ಕೊನೆಯವರೆಗೆ ಕೇಳುತ್ತೇನೆ. ಆ ಶಿಕ್ಷೆ ಸಣ್ಣದಲ್ಲ ಎಂದು ನಿನಗೆ ಗೊತ್ತು. ನಿನ್ನನ್ನು ಬಾ ಎಂದು ಕರೆಯುವುದಿಲ್ಲ. ಕರೆದರೆ ಅತ್ತೆಯ ಅಪ್ಪಣೆಯಾಗುತ್ತದೆ, ನನ್ನ ಅಪ್ಪಣೆ ಕೇಳಿ ನಿನಗೆ ಏನಾಯಿತೆಂದು ಇಬ್ಬರಿಗೂ ಗೊತ್ತು.

ಮೇಡಂ ಅರ್ಜಿ ಮುಂದಿಟ್ಟು, ಏನಾದರೂ ಬದಲಿಸಬೇಕೇ ಎಂದು ಕೇಳಿದರು. ಬದಲಿಸಿದೆ. ಮೊದಲ ಜಾಗದಲ್ಲಿ ನಿನ್ನ ನಂಬರ್, ಎರಡನೆಯದರಲ್ಲಿ ನನ್ನದು. ರೋಗಿಯ ಹೊಣೆ ಹೊತ್ತವರು ಎನ್ನುವ ಸಾಲಿನಲ್ಲಿ ನನ್ನ ಹೆಸರು ಹೊಡೆದು ನಿನ್ನದನ್ನು ಬರೆದು ರುಜು ಹಾಕಿ ಬಂದಿದ್ದೇನೆ. ಹೊರೆ ಎನಿಸಿದರೆ ತೆಗೆಸಿಬಿಡು, ನನ್ನನ್ನು ಕೇಳುವುದು ಬೇಡ.

ನೀನು ಎಲ್ಲಿದ್ದರೂ ತಲೆ ಎತ್ತಿ ನಡೆ, ಮಗಳೇ. ನಿನ್ನ ಉಸಿರು ದೊಡ್ಡದಿರಲಿ.

ಇಂತಿ,
ನಿನ್ನ ಅತ್ತೆ