ಹನ್ನೊಂದು ಮೊಟ್ಟೆಗಳ ವಾರ್ಡು

ಭಾನುವಾರ, ಬೆಳಿಗ್ಗೆ ಎಂಟು ಗಂಟೆ

ಹಟಮಾರಿ ಮಗಳಿಗೆ,

ಅಮ್ಮನ ಮುದ್ದು, ಜೊತೆಗೆ ಸ್ವಲ್ಪ ಬೈಗುಳ. ಪ್ಲಾಸ್ಟರಿನೊಳಗೆ ಕಡ್ಡಿ ತೂರಿಸಿ ಕಾಲು ಕೆರೆದುಕೊಳ್ಳುತ್ತೀಯಂತೆ, ನಿನ್ನ ಅಕ್ಕ ಚಾಡಿ ಹೇಳಿದಳು. ಫೋನಿನಲ್ಲಾದರೆ ಮೂರನೇ ಮಾತಿಗೆ ನಮಗೆ ಜಗಳ ಹತ್ತುತ್ತದೆ, ಅದಕ್ಕೇ ಈ ಕಾಗದ. ಮೊದಲು ಕೊನೆಯ ಪುಟ ನೋಡಬೇಡ, ಕ್ರಮವಾಗಿ ಓದು.

ನಿನ್ನ ಬೋಳುಕತ್ತಿನ ಹುಂಜ ಬಿಸಿಲಿಗೆ ಸತ್ತ ದಿನ ಆಡಿದ ಮಾತು ನೆನಪಿದೆ ತಾನೆ? ಅದರ ಸಂತತಿ ಅಂತ ಉಳಿದದ್ದು ಕಾವಿಗಿಟ್ಟ ಹನ್ನೊಂದು ಮೊಟ್ಟೆ ಮಾತ್ರ. ಮರಿಯಾದರೆ ನಿನ್ನ ಕೋಳಿ ಸಾಕಣೆಗೆ ನಾನು ಅಡ್ಡ ಬರಬಾರದು. ಆಗದಿದ್ದರೆ ನಾನು ಹೇಳಿಟ್ಟ ಆಸ್ಪತ್ರೆ ಕೆಲಸಕ್ಕೆ ನೀನು ಒಂದನೇ ತಾರೀಕು ಸೇರಬೇಕು. ಮಾರನೇ ದಿನವೇ ನೀನು ಕಾಲು ಮುರಿದುಕೊಂಡು ಅಕ್ಕನ ಮನೆ ಸೇರಿದೆ. ಮೂವತ್ತೊಂದು ವರ್ಷ ಹೆರಿಗೆ ವಾರ್ಡು ನಡೆಸಿದ ನಾನು ಕೋಳಿಯ ಆರೈಕೆಗೆ ನಿಂತೆ.

ಮೊಳೆಗೆ ನೀನು ಸಿಕ್ಕಿಸಿದ ಚೀಟಿಯಂತೆಯೇ ಎಲ್ಲ ಮಾಡಿದೆ. ಬೆಳಿಗ್ಗೆ ತಂಪು ಹೊತ್ತಿನಲ್ಲಿ, ಕಾವು ಕೂತ ಕೋಳಿ ಮೊಂಡಿಯನ್ನು (ಈ ಹೆಸರು ನಾನಿಟ್ಟದ್ದು) ಒಮ್ಮೆ ಎಬ್ಬಿಸಿ ಕಾಳು, ನೀರಿಗೆ ಬಿಟ್ಟೆ. ಬಾಗಿಲಿಗೆ ಒದ್ದೆ ಗೋಣಿಚೀಲ ಕಟ್ಟಿದೆ. ಬುಟ್ಟಿಯ ಹುಲ್ಲಿನಡಿಯ ಮರಳಿಗೆ ನೀರು ಚಿಮುಕಿಸಿದೆ. ಕೈ ಚಾಚಿದರೆ ಕುಕ್ಕುತ್ತಾಳೆ, ಥೇಟ್ ನೀನೇ. ಮಧ್ಯಾಹ್ನ ಕೊಕ್ಕು ತೆರೆದು ಏದುಸಿರು ಬಿಡುತ್ತಾ ಕೂತಿದ್ದಳು, ಏಳಲಿಲ್ಲ. ಎಂತೆಂಥ ಹೆಂಗಸರನ್ನು ನೋಡಿದ್ದೇನೆ, ಇಂಥ ಗಟ್ಟಿಗಿತ್ತಿಯನ್ನು ಕಾಣೆ.

ಕಾವಿನ ಹದಿನಾರನೇ ದಿನ, ಬುಟ್ಟಿ ಇದ್ದ ಮೆಟ್ಟಿಲ ಕೆಳಗಿನ ಜಾಗ ಕಾದ ಹೆಂಚಾಗಿತ್ತು. ಉಸಿರುಕಟ್ಟಿದ ರೋಗಿಯನ್ನು ಗಾಳಿಯಾಡುವ ವಾರ್ಡಿಗೆ ಹಾಕುವುದು ನನ್ನ ಕೈಗೆ ಅಂಟಿದ ಅಭ್ಯಾಸ. ಬುಟ್ಟಿ, ಮೊಟ್ಟೆ, ಕೋಳಿ ಸಮೇತ ಹಿಂದಿನ ತಂಪು ಕೋಣೆಗೆ ವರ್ಗ ಮಾಡಿದೆ, ಹಾಡುಹಗಲು ಹನ್ನೆರಡಕ್ಕೆ. ಎರಡು ಗಂಟೆಗೆ ಬಂದು ನೋಡುತ್ತೇನೆ, ಬುಟ್ಟಿಯಲ್ಲಿ ಕೋಳಿಯೇ ಇಲ್ಲ! ಮೆಟ್ಟಿಲ ಕೆಳಗೆ ಬರೀ ನೆಲದ ಮೇಲೆ ಕಾವು ಕೂತಿದ್ದಾಳೆ. ಅವಳು ಪಟ್ಟು ಹಿಡಿದದ್ದು ಮೊಟ್ಟೆಗಳನ್ನಲ್ಲ, ಆ ಜಾಗವನ್ನು. ಚೀಟಿಯ ಹಿಂಬದಿ ತಿರುಗಿಸಿದರೆ ನಿನ್ನ ಅಕ್ಷರ: ಜಾಗ ಬದಲಿಸಬೇಡ, ಬದಲಿಸಲೇಬೇಕಾದರೆ ಕತ್ತಲಾದ ಮೇಲೆ. ಹಿಂಬದಿ ಓದಲು ನನಗೇನು ಧಾಡಿ!

ಮೊಟ್ಟೆಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಓಡಿದೆ. ಎದುರುಮನೆ ದರ್ಜಿ ಇಣುಕಿ, ಹೋದ್ವು ಬಿಡಿ ಸಿಸ್ಟರ್, ಇನ್ನು ಆಮ್ಲೆಟ್ಟಿಗೂ ಬರಲ್ಲ ಅಂದ. ನೀನು ಹೋಗಿ ಗುಂಡಿ ಹಚ್ಚೋದು ನೋಡ್ಕೋಪ್ಪಾ ಅಂದೆ. ಮೊಂಡಿ ಮೊಟ್ಟೆಗಳನ್ನು ಮರುಮಾತಿಲ್ಲದೆ ಒಳಗೆಳೆದುಕೊಂಡಳು. ನಾಲ್ಕು ದಿನ ಗಂಟೆಗೊಮ್ಮೆ ಮೆಟ್ಟಿಲ ಕೆಳಗೆ ಬಗ್ಗಿ ನೋಡಿದೆ.

ಇಪ್ಪತ್ತನೇ ದಿನ ಬೆಳಿಗ್ಗೆ ಅವಳು ಕಾಳಿಗೂ ಏಳಲಿಲ್ಲ. ಏನೋ ಮೆಲ್ಲಗೆ ಗುನುಗುತ್ತಿದ್ದಳು, ಅಂಥ ದನಿ ಅವಳಿಂದ ಹಿಂದೆ ಕೇಳಿರಲಿಲ್ಲ. ಒಂದು ಮೊಟ್ಟೆ ತೆಗೆದು ಕಿವಿಗಿಟ್ಟೆ. ಅಯ್ಯೋ ಮಗಳೇ, ಒಳಗಿನಿಂದ ಚಿಂವ್ ಅಂತ ಉತ್ತರ ಬಂತು! ಅವಳು ಗುನುಗುತ್ತಾಳೆ, ಅದು ಓಗೊಡುತ್ತದೆ. ಸಾವಿರಾರು ಹೊಟ್ಟೆಗಳ ಮೇಲೆ ಕಿವಿಯಿಟ್ಟು ಎದೆಬಡಿತ ಕೇಳಿದವಳು ನಾನು. ಹುಟ್ಟುವ ಮುಂಚೆಯೇ ಅಮ್ಮನ ಜೊತೆ ಮಾತಾಡುವ ಕೂಸನ್ನು ಕೇಳಿರಲಿಲ್ಲ ಕಣೆ. ದಿನಾ ನಾನು ಶಪಿಸುತ್ತಿದ್ದ ಸೆಕೆಯೇ ಹದಿನಾರನೇ ದಿನ ತಾಯಿಯಿಲ್ಲದ ಹೊತ್ತು, ಆ ತಂಪು ಕೋಣೆಯಲ್ಲೂ, ಅವಕ್ಕೆ ಕಾವು ಕೊಟ್ಟಿತ್ತು. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಮರುದಿನ ಒಡೆಯತೊಡಗಿದವು. ಎಳೆಯೋಣ, ಒರೆಸೋಣ ಅಂತ ನನ್ನ ಕೈ ತುರಿಸುತ್ತಿತ್ತು, ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಚಿಪ್ಪನ್ನು ಸುತ್ತ ಕೊರೆದು, ದಣಿದು, ಮಲಗಿ, ಮತ್ತೆ ಕೊರೆದು, ತಾವಾಗಿಯೇ ಬಂದವು. ಒಂಬತ್ತು ಮರಿ! ನಾಲ್ಕಕ್ಕೆ ಅಪ್ಪನದೇ ಬೋಳುಕತ್ತು. ಎರಡು ಮೊಟ್ಟೆ ಬಿಸಿಲಿಗೆ ಹೋದವು.

ಆ ಕೆಲಸ ಬೇರೆಯವರಿಗೆ ಕೊಡಿ ಅಂತ ಆಸ್ಪತ್ರೆಗೆ ಹೋಗಿ ಹೇಳಿ ಬಂದೆ. ನೀನು ಗೆದ್ದೆ. ಇಷ್ಟು ದೊಡ್ಡ ಕೆಲಸವನ್ನು ಕೋಳಿ ಕಾಯುವುದು ಅಂತ ಹಂಗಿಸಿದ್ದೆ, ತಪ್ಪಾಯಿತು. ಬೇಗ ಬಾ, ಮರಿಗಳನ್ನು ನೋಡುವೆಯಂತೆ.

ನಿನ್ನ
ಹೆಡ್ ಸಿಸ್ಟರ್ ಅಮ್ಮ

ತಾ.ಕ.: ಅಂಟಿಸಿದ ಲಕೋಟೆ ಮತ್ತೆ ಬಿಡಿಸಿದೆ. ಮೊಂಡಿ ಬುಟ್ಟಿ ಬಿಟ್ಟದ್ದನ್ನು ನಾನು ನೋಡಿದ್ದು ಎರಡು ಗಂಟೆಗಲ್ಲ, ಹನ್ನೆರಡೂವರೆಗೆ. ಒಳ್ಳೆಯದೇ ಆಯಿತು, ಮಗಳು ಆಸ್ಪತ್ರೆಗೆ ಸೇರುತ್ತಾಳೆ ಅಂದುಕೊಂಡು ಕುರ್ಚಿಯಲ್ಲಿ ಕೂತೆ. ಒಂದೂವರೆ ಗಂಟೆ ಕೂತಿದ್ದೆ. ಅವಳು ಬರೀ ನೆಲದ ಮೇಲೆ, ಇಲ್ಲದ ಮೊಟ್ಟೆಗಳನ್ನು ಕೊಕ್ಕಿನಿಂದ ಒಂದೊಂದಾಗಿ ಹೊಟ್ಟೆಯಡಿಗೆ ಎಳೆದುಕೊಳ್ಳುತ್ತಿದ್ದಳು. ಅದನ್ನು ಕಂಡ ಮೇಲೆ ಕೂತಿರಲಾಗಲಿಲ್ಲ. ಎರಡು ಮೊಟ್ಟೆ ಬಿಸಿಲಿಗೆ ಹೋದವು ಎಂದು ಬರೆದೆನಲ್ಲ. ಬಿಸಿಲಿಗೋ, ನನ್ನಿಂದಲೋ, ನನಗೆ ಗೊತ್ತಿಲ್ಲ ಮಗಳೇ.